ಕಡಲ ಗೂಡಿನ ಜಗಲಿಯಲ್ಲಿ ಹೆಣ್ಣು ನೋಡಿದ್ದು

ಆ ಶುಕ್ರವಾರ ಹೆಣ್ಣಿನ ಚಿಕ್ಕಮ್ಮನ ಮನೆಯಲ್ಲಿ ಹಾಲ್ ಅವರದಾಗಿರಲಿಲ್ಲ.

ಕುವೈತಿನಲ್ಲಿ ಇದ್ದು ನೋಡದವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ, ಬಿಡಿಸಿ ಹೇಳುತ್ತೇನೆ. ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟಿನಲ್ಲಿ ಎರಡು ಸಂಸಾರ. ಆಚೆ ಕೋಣೆ ಒಬ್ಬರಿಗೆ, ಈಚೆ ಕೋಣೆ ಇನ್ನೊಬ್ಬರಿಗೆ. ಒಲೆಯಲ್ಲಿ ಎಡಗಡೆಯ ಬರ್ನರ್ ಇವರದು, ಬಲಗಡೆಯದು ಅವರದು. ಫ್ರಿಜ್ಜಿನಲ್ಲಿ ಮೇಲಿನ ಅಂತಸ್ತು, ಕೆಳಗಿನ ಅಂತಸ್ತು. ಹಾಲ್ ಮಾತ್ರ ಇಬ್ಬರಿಗೂ ಸೇರಿದ್ದು, ಆದ್ದರಿಂದ ಯಾರಿಗೂ ಪೂರ್ತಿ ಸೇರದ್ದು. ಒಂದು ಶುಕ್ರವಾರ ಇವರ ನೆಂಟರು ಬಂದು ಸೋಫಾದ ಮೇಲೆ ಕೂರಬಹುದು, ಮರು ಶುಕ್ರವಾರ ಅವರ ನೆಂಟರು. ನಮ್ಮ ಅಣ್ಣನ ಹೆಣ್ಣು ನೋಡುವ ಶಾಸ್ತ್ರ ಬಂದು ಬಿದ್ದದ್ದು ಆಚೆ ಕೋಣೆಯ ಮಲಯಾಳಿ ಸಂಸಾರದ ಶುಕ್ರವಾರದ ಮೇಲೆ. ಅವರ ಮಗುವಿನ ಹುಟ್ಟುಹಬ್ಬ ಬೇರೆ. ಹಿಂದಿನ ದಿನವೇ ಗೋಡೆಗೆ ಬೆಲೂನು ಅಂಟಿಸಿ ಆಗಿತ್ತು.

ಚಿಕ್ಕಮ್ಮ ಕುಂದಾಪುರದ ಕಡೆಯವರು, ಸೋಲುವವರಲ್ಲ. "ಹಾಲ್ ಇಲ್ದಿರೆ ಎಂತ ಆಯ್ತ್? ಕಡಲ್ ಇತ್ತಲ್ದಾ?" ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟರು. ಅವರಿರುವ ಬಡಾವಣೆ ಕುವೈತಿನ ದಕ್ಷಿಣದ ದಂಡೆಯಲ್ಲಿದೆ. ಅಲ್ಲಿ ಹಳೆಯ ಕಾಲದ ಕಡಲ ಗೂಡುಗಳ ಒಂದು ಸಾಲು ಉಳಿದುಕೊಂಡಿದೆ. ಅದರಲ್ಲಿ ಒಂದರ ಜಗಲಿಯ ಮೇಲೆ ಚಾಪೆ ಹಾಸಿ ಹೆಣ್ಣು ತೋರಿಸುವುದೆಂದು ತೀರ್ಮಾನವಾಯಿತು.

ಅಣ್ಣ ಎಂದೆನಲ್ಲ, ಅವನು ಒಡಹುಟ್ಟಿದ ಅಣ್ಣ ಅಲ್ಲ, ರೂಮಿನ ಅಣ್ಣ. ಸಬ್ಹಾನಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಮೂರು ವರ್ಷದಿಂದ ನಾವಿಬ್ಬರೂ ಕಬ್ಬಿಣದ ಒಂದೇ ಜೋಡಿ ಮಂಚದಲ್ಲಿ ಮಲಗುತ್ತೇವೆ, ಅವನು ಮೇಲೆ, ನಾನು ಕೆಳಗೆ. ಹೊಸಬನಿಗೆ ಮೇಲಿನ ಮಂಚ ಎಂಬುದು ಗಲ್ಫಿನ ರೂಮುಗಳ ಕಾನೂನು. ಆದರೆ ನಾನು ಬಂದ ದಿನ ಅವನು ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ, ತನ್ನ ಹಾಸಿಗೆ ಸುತ್ತಿಕೊಂಡು ಮೇಲಕ್ಕೆ ಹತ್ತಿದ್ದ. ಅದೇ ವಾರ ಒಂದು ಸಂಜೆ ನಾನು ಬಾತ್‌ರೂಮಿನ ಚಿಲಕ ಹಾಕಿಕೊಂಡು ಅಳುತ್ತಿದ್ದೆ. ಇದ್ದಕ್ಕಿದ್ದಂತೆ ಹೊರಗೆ ವಾಷಿಂಗ್ ಮಷೀನ್ ಗಡಗಡ ಎನ್ನತೊಡಗಿತು. ಮುಖ ತೊಳೆದು ಹೊರಗೆ ಬಂದು ನೋಡಿದರೆ ಮಷೀನಿನೊಳಗೆ ಒಂದು ಕರ್ಚೀಫೂ ಇಲ್ಲ. ಅಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ರೂಮಿನ ಉಳಿದವರಿಗೆ ನನ್ನ ಅಳು ಕೇಳಿಸಬಾರದೆಂದು ಖಾಲಿ ಮಷೀನು ತಿರುಗಿಸುತ್ತಿದ್ದ. ಅವನು ಮಾತಾಡುವುದು ಹೀಗೆ. ಬಾಯಿಗೆ ಅದರಲ್ಲಿ ಕೆಲಸ ಕಡಿಮೆ.

ಹೆಣ್ಣು ನೋಡುವ ಕಡೆ ಈ ಭಾಷೆ ನಡೆಯುವುದಿಲ್ಲ. ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಅವನ ಅಮ್ಮ ಹೆಣ್ಣು ತೋರಿಸಿದ್ದರು. ಇವನು ಹೋಗುವುದು, ಕೂರುವುದು, ಉಪ್ಪಿಟ್ಟು ತಿನ್ನುವುದು, ತಟ್ಟೆ ನೋಡುವುದು, ಎದ್ದು ಬರುವುದು. ಒಬ್ಬಳು, "ಹುಡುಗನಿಗೆ ಕಿವಿ ಕೇಳ್ತದಾ?" ಎಂದು ಮಧ್ಯಸ್ಥರಲ್ಲಿ ವಿಚಾರಿಸಿದಳಂತೆ. ಇನ್ನೊಬ್ಬಳ ತಂದೆ, ಗಲ್ಫಿನ ಬಿಸಿಲು ಹುಡುಗನ ತಲೆಗೆ ಹೊಡೆದಿರಬೇಕೆಂದು ಸಂಶಯಪಟ್ಟರಂತೆ. ಅಣ್ಣ ಇದನ್ನೆಲ್ಲ ನನಗೆ ಹೇಳಿದ್ದಲ್ಲ. ಅವನ ಅಮ್ಮ ವಿಡಿಯೋ ಕಾಲಿನಲ್ಲಿ, ಅವನ ಎದುರಿಗೇ, ನನಗೆ ಹೇಳಿದ್ದು. ಅವನು ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ.

ಅದೆಲ್ಲ ಆದದ್ದಕ್ಕೆ ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ. ಆದರೆ ಈ ಹೆಣ್ಣಿನ ವಿಷಯ ಬೇರೆ. ಹಿಂದಿನ ವರ್ಷ ನಮ್ಮ ಕಡೆಯವರ ಸಂಘದವರು ಒಂದು ರಕ್ತದಾನದ ಕ್ಯಾಂಪ್ ಇಟ್ಟಿದ್ದರು. ಅಲ್ಲಿ ರಕ್ತ ತೆಗೆಯಲು ಬಂದ ನರ್ಸುಗಳಲ್ಲಿ ಜಹ್ರಾದ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುವ ಈ ಹುಡುಗಿಯೂ ಇದ್ದಳು. ಅಣ್ಣ ರಕ್ತ ಕೊಟ್ಟು ಎದ್ದು ನಿಂತ, ಗೋದಾಮಿನಲ್ಲಿ ಮೂಟೆ ಜಾರಿದ ಹಾಗೆ ಧೊಪ್ಪನೆ ಬಿದ್ದ. ಅವಳು ಓಡಿ ಬಂದು ಅವನ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಟ್ಟು, ಮಣಿಕಟ್ಟು ಹಿಡಿದು ಕೂತಿದ್ದಳು. ಅಲ್ಲಿಂದ ಬಂದ ಮೇಲೆ ಅವನು ಆಡಿದ ಒಂದೇ ಮಾತು, "ಅವರು ಯಾವ ಊರಿನವರಂತೆ?" ನಾನು ವಿಚಾರಿಸಿದೆ. ಊರು ಗೊತ್ತಾಯಿತು, ಮನೆತನ ಗೊತ್ತಾಯಿತು, ಹೊಂದುತ್ತದೆ ಎಂದೂ ಗೊತ್ತಾಯಿತು. ಅವನ ಅಮ್ಮನಿಂದ ಅವಳ ಅಮ್ಮನಿಗೆ ಊರಿನಲ್ಲೇ ಮಾತು ಹೋಯಿತು. ಹುಡುಗಿಯೂ ಕುವೈತಿನಲ್ಲೇ ಇರುವಾಗ ಅಲ್ಲೇ ನೋಡಿಕೊಳ್ಳಲಿ, ಅವಳು ಹೂಂ ಅಂದರೆ ಹೂಂ, ಇಲ್ಲ ಅಂದರೆ ಇಲ್ಲ ಎಂದು ಎರಡೂ ಮನೆಯವರು ಒಪ್ಪಿದರು. ಅಂದರೆ ಎಲ್ಲವೂ ಈಗ ಅಣ್ಣನ ಬಾಯಿಯ ಮೇಲೆ ನಿಂತಿತ್ತು. ಆ ಬಾಯಿ ಎಂಥದ್ದೆಂದು ನನಗೆ ಗೊತ್ತಿತ್ತು.

ನನ್ನ ಬಾಯಿಯ ಸಮಸ್ಯೆ ತದ್ವಿರುದ್ಧದ್ದು, ಕಂಡವರ ಹಾಗೆಲ್ಲ ಮಾತಾಡಿ ತೋರಿಸದೆ ಅದಕ್ಕೆ ಇರಲಾಗದು. ನಾನು ಅಲ್ ರಾಯ್‌ನ ಒಂದು ಟೈಲ್ಸ್ ಶೋರೂಮಿನಲ್ಲಿ ಸೇಲ್ಸ್‌ಮನ್. ಬಂದ ಗಿರಾಕಿ ಬಾಗಿಲು ದಾಟುವ ಮೊದಲೇ ಅವರ ನಡಿಗೆ ನನ್ನ ಕಾಲಿಗೆ ಬಂದಿರುತ್ತದೆ. ನಮ್ಮ ಈಜಿಪ್ಟಿನ ಮ್ಯಾನೇಜರ್ ಬಾತ್‌ಟಬ್ಬನ್ನು ಸ್ವಂತ ಮಗಳನ್ನು ಧಾರೆ ಎರೆಯುವಷ್ಟು ದುಃಖದಿಂದ ಮಾರುತ್ತಾರೆ. ಅದನ್ನು ಮಾಡಿ ತೋರಿಸಿದರೆ ಅವರೇ ನಕ್ಕು ಚಹಾ ತರಿಸುತ್ತಾರೆ. ನಮ್ಮ ಕಟ್ಟಡ ಕಾಯುವ ಹಾರಿಸ್, ಕೆಳಗಿನ ಬಕಾಲೆ ಅಂಗಡಿಯವನು, ರಾತ್ರಿ ಊಟಕ್ಕೆ ಬರುವ ಊರಿನ ಹಿರಿಯರು, ಲಿಫ್ಟಿನೊಳಗೆ ಮಾತಾಡುವ ಹೆಂಗಸು, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಡುವುದಿಲ್ಲ. ನನ್ನ ಅರಬಿ ಕೇಳಿದರೆ ಒಂಟೆ ಕೂಡ ಎದ್ದು ದುಬಾಸಿಯನ್ನು ಹುಡುಕಿಕೊಂಡು ಹೋದೀತು.

ಗುರುವಾರ ಸಂಜೆ ಅಣ್ಣ ನನ್ನ ಮಂಚದ ಅಂಚಿಗೆ ಬಂದು ಕೂತ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾಳೆ ನೀನು ಬರಬೇಕು. ಹುಡುಗನ ಕಡೆಯಿಂದ ಒಂದು ಜನ ಆದರೂ ಬೇಕಲ್ಲ."

"ಬರದೆ ಎಂತ? ಶರ್ಟು ಇಸ್ತ್ರಿ ಕೂಡ ಆಯ್ತು."

"ಆದರೆ ಯಾರ ಹಾಗೂ ಮಾಡಬಾರದು. ಹೋಗಿ ಬರುವವರೆಗೆ."

"ಯಾರ ಹಾಗೂ ಅಂದರೆ?"

"ಯಾರ ಹಾಗೂ."

ಅಷ್ಟು ಮಾತಾಡಿ ಸುಸ್ತಾದವನಂತೆ ಏಣಿ ಹತ್ತಿ ಮಲಗಿದ.

ಬೆಳಿಗ್ಗೆ ರೂಮಿಗೆ ರೂಮೇ ಅವನನ್ನು ಸಿಂಗರಿಸಲು ನಿಂತಿತು. ಒಬ್ಬ ಬೆಲ್ಟ್ ಕೊಟ್ಟ, ಇನ್ನೊಬ್ಬ ವಾಚು ಕೊಟ್ಟ. ಮತ್ತೊಬ್ಬ, ಮುಬಾರಕಿಯಾ ಪೇಟೆಯಿಂದ ತಂದು ಮುಚ್ಚಿಟ್ಟಿದ್ದ ಊದ್ ಅತ್ತರನ್ನು ಧಾರಾಳವಾಗಿ ಸುರಿದ. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವನು ಎರಡು ಸಲ ತಿರುಗಿ ನೋಡಿ ಕಿಟಕಿ ಸರಿಸಿದ.

"ಮೊದಲು ಎಂತ ಕೇಳುವುದು?" ಅಣ್ಣ ಪಿಸುಗುಟ್ಟಿದ.

"ಊಟ ಆಯ್ತಾ ಕೇಳು."

"ಬೆಳಿಗ್ಗೆ ಹತ್ತು ಗಂಟೆಗಾ?"

"ಹಾಗಾದರೆ ತಿಂಡಿ ಆಯ್ತಾ ಕೇಳು. ಡ್ಯೂಟಿ ಹೇಗೆ ಕೇಳು. ಏನಾದರೂ ಕೇಳು ಮಾರಾಯ, ಕೇಳಿ ಸತ್ತವರಿಲ್ಲ."

ಅವನು ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಬಸ್ಸು ಸಬ್ಹಾನಿನ ಶೆಡ್ಡುಗಳನ್ನು ಹಿಂದೆ ಹಾಕಿ ಕಡಲಿನ ಕಡೆ ತಿರುಗುವಾಗ ಅವನ ಹಣೆಯಲ್ಲಿ ಬೆವರಿತ್ತು. ತಿಂಗಳು ಜನವರಿ. ಹೊರಗೆ ಜನ ಸ್ವೆಟರ್ ಹಾಕಿಕೊಂಡಿದ್ದರು.

ಕುವೈತಿನ ಚಳಿಗಾಲದ ಶುಕ್ರವಾರವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಬೇಸಿಗೆಯಲ್ಲಿ ನಮ್ಮನ್ನು ಹಪ್ಪಳದಂತೆ ಕಾಯಿಸುವ ಅದೇ ಸೂರ್ಯ ಆ ಎರಡು ಮೂರು ತಿಂಗಳು ಅಜ್ಜನ ಕಂಬಳಿಯಾಗಿಬಿಡುತ್ತಾನೆ. ಕಡಲು ನಮ್ಮೂರಿನಂತೆ ಅಬ್ಬರಿಸುವುದಿಲ್ಲ, ನೆಲಕ್ಕೆ ಚಾಪೆ ಬಿಡಿಸಿದಂತೆ ಮೆಲ್ಲಗೆ ಬಂದು ಹೋಗುತ್ತದೆ. ಅದರ ಎದುರು ಗೂಡುಗಳ ಸಾಲು. ಇಲ್ಲಿನವರು ವಾರಾಂತ್ಯ ಕಳೆಯುವ ದೊಡ್ಡ ದೊಡ್ಡ ಕಡಲಮನೆಗಳಲ್ಲ ಇವು. ಎಣ್ಣೆ ಸಿಕ್ಕ ಹೊಸದರಲ್ಲಿ ಈಜಲು ಬರುತ್ತಿದ್ದ ಸಾಹೇಬರು ಬಟ್ಟೆ ಬದಲಿಸಲು, ಚಹಾ ಕುಡಿಯಲು ಕಟ್ಟಿಸಿಕೊಂಡವು ಎನ್ನುತ್ತದೆ ಅಲ್ಲಿನ ಫಲಕ. ಹಲಗೆಯ ಗೋಡೆ, ಇಳಿಜಾರು ಮಾಡು, ಮುಂದೆ ಪುಟ್ಟ ಜಗಲಿ, ಒಂದೊಂದು ಬಾಗಿಲಿಗೆ ಒಂದೊಂದು ಬಣ್ಣ. ನಮ್ಮೂರಿನ ಬೀಡಾ ಅಂಗಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಣ್ಣ ಹೊಡೆದು, ಬೀಗ ಜಡಿದು, ಇನ್ನು ಮೇಲೆ ನೀವು ಚರಿತ್ರೆ ಎಂದು ಹೇಳಿದ ಹಾಗಿತ್ತು. ಒಳಗೆ ಹೋಗಲು ಬಿಡುವುದಿಲ್ಲ. ಜಗಲಿಯಲ್ಲಿ ಕೂತರೆ ಯಾರೂ ಏಳಿಸುವುದಿಲ್ಲ.

ನೀಲಿ ಬಾಗಿಲಿನ ಗೂಡಿನ ಮುಂದೆ ಚಿಕ್ಕಪ್ಪ ಕೈಬೀಸಿದರು. ಒಂದು ಹೋಟೆಲಿನಲ್ಲಿ ಕ್ಯಾಶಿಯರ್ ಆಗಿರುವವರು. ಜಗಲಿ ಇಳಿದು ಬಂದು ನೇರ ನನ್ನ ಕೈ ಹಿಡಿದುಕೊಂಡರು.

"ಬನಿ ಬನಿ. ದಾರಿಯಲ್ ತೊಂದ್ರಿ ಆಯ್ಲಿಲ್ಲ ಅಲ್ದಾ?"

"ಎಂತ ತೊಂದರೆ ಇಲ್ಲ ಚಿಕ್ಕಪ್ಪ. ನಿಮ್ಮ ಕಡಲಿನ ಗಾಳಿಗೆ ಅರ್ಧ ಹೊಟ್ಟೆ ತುಂಬಿತು. ಇನ್ನರ್ಧ ಚಿಕ್ಕಮ್ಮನ ಜವಾಬ್ದಾರಿ."

ಚಿಕ್ಕಪ್ಪ ಹಿಗ್ಗಿ ಹೀರೇಕಾಯಿಯಾದರು. ಹೆಂಡತಿಯ ಕಡೆ ಬಾಗಿ, ಇಡೀ ದಂಡೆಗೆ ಕೇಳುವ ಗುಟ್ಟಿನಲ್ಲಿ, "ಗಂಡ್ ಅಡ್ಡಿಲ್ಲ ಕಾಣ್. ಲಾಯ್ಕ್ ಮಾತಾಡ್ತ" ಎಂದರು.

"ಹೋಯ್, ಅವ್ರಲ್ಲ! ಆಚಿಯವ್ರ್! ಫೋಟೋ ಕಾಣ್ಲಿಲ್ಯಾ ನೀವ್?"

"ಕನ್ನಡ್ಕ ಇರ್ಲಿಲ್ಲ ಮಾರಾಯ್ತಿ."

ಅಣ್ಣ ನನ್ನ ಹಿಂದೆ ಗೂಡಿನ ಕಂಬದ ಹಾಗೆ ನಿಂತಿದ್ದ. ಅವನನ್ನು ಮುಂದೆ ದೂಡಿದೆ. ಹುಡುಗಿ ಚಾಪೆಯ ಮೇಲಿಂದ ಎದ್ದು ನಮಸ್ಕಾರ ಮಾಡಿದಳು. ಹಸಿರು ಚೂಡಿದಾರ, ಗಾಳಿಗೆ ಹಾರದಂತೆ ಬಿಗಿಯಾಗಿ ಕಟ್ಟಿದ ಜಡೆ. ಅವನನ್ನು ನೋಡಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ. ಕ್ಯಾಂಪಿನಲ್ಲಿ ಬಿದ್ದವನು ಇವನೇ ಎಂದು ಗುರುತು ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಶಾಸ್ತ್ರದ ಪ್ರಕಾರ ಹೆಣ್ಣು ಒಳಗಿನಿಂದ ಟ್ರೇ ಹಿಡಿದು ಬರಬೇಕು. ಇಲ್ಲಿ ಒಳಗೆ ಎಂಬುದಕ್ಕೆ ಬೀಗ ಬಿದ್ದಿತ್ತು. ಹಾಗಾಗಿ ಚಿಕ್ಕಮ್ಮನೇ ಡಬ್ಬಿಗಳನ್ನು ಬಿಚ್ಚಿ ಗೋಳಿಬಜೆ, ಶಿರಾ ಬಡಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಎಡಗಡೆಯ ಬರ್ನರಿನಲ್ಲಿ ನಸುಕಿಗೇ ಎದ್ದು ಮಾಡಿದ್ದಂತೆ. ಊರು ಬಿಟ್ಟ ಮೇಲೆ ಅಂಥ ಗೋಳಿಬಜೆ ನನ್ನ ಬಾಯಿಗೆ ಬಿದ್ದಿರಲಿಲ್ಲ. ನಾನು ತಿನ್ನುತ್ತಾ ಇದ್ದೆ, ಚಿಕ್ಕಮ್ಮ ವಿಚಾರಣೆ ಶುರುಮಾಡಿದರು.

"ಸಬ್ಹಾನಂಗೆ ಎಂತ ಕೆಲ್ಸ ನಿಮ್ದ್?"

ಅಣ್ಣ ಗಂಟಲು ಸರಿಮಾಡಿಕೊಂಡ. "ನಾನು ಉಗ್ರಾಣದ ಮೇಲ್ವಿಚಾರಕನಾಗಿ ಕಾರ್ಯ ನಿರ್ವಹಿಸುತ್ತಿದ್ದೇನೆ."

ಚಿಕ್ಕಮ್ಮನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಮೆಲ್ಲಗೆ ನನ್ನ ಕಡೆ ತಿರುಗಿ, "ಎಂತ ಹೇಳ್ರ್ ಇವ್ರ್?" ಎಂದರು.

"ಸ್ಟೋರ್‌ಕೀಪರ್, ಚಿಕ್ಕಮ್ಮ."

ತಪ್ಪು ಅವನದಲ್ಲ. ಮನೆಯಲ್ಲಿ ತುಳು, ಅಂಗಳದಲ್ಲಿ ತುಳು, ಬಸ್ಸಿನಲ್ಲಿ ತುಳು. ನಮ್ಮ ಕಡೆಯ ಹುಡುಗರಿಗೆ ಕನ್ನಡ ಸಿಗುವುದು ಶಾಲೆಯ ಪಠ್ಯಪುಸ್ತಕದಲ್ಲಿ. ಹೆದರಿಕೆ ಆದಾಗ ಬಾಯಿಗೆ ಬರುವುದೂ ಅದೇ. ಕುಂದಾಪುರದವರಿಗೋ ಕನ್ನಡವೇ ಮನೆಮಾತು, ಅವರು ಅದರ ಬಾಲ ಕತ್ತರಿಸಿ, ಕಿವಿ ಹಿಂಡಿ, ಮುದ್ದು ಮಾಡಿ ಬೆಳೆಸಿದ್ದಾರೆ. ಇಬ್ಬರೂ ಆಡುತ್ತಿದ್ದುದು ಒಂದೇ ಭಾಷೆ. ಆದರೆ ಒಬ್ಬರು ಅಡುಗೆಮನೆಯಲ್ಲಿದ್ದರು, ಇನ್ನೊಬ್ಬ ಪರೀಕ್ಷೆಯ ಹಾಲಿನಲ್ಲಿದ್ದ.

"ಮೀನ್ ತಿಂತ್ರಲ್ದಾ?"

"ಮೀನು ನನಗೆ ಅತ್ಯಂತ ಪ್ರಿಯವಾದ ಆಹಾರವಾಗಿದೆ."

ಚಿಕ್ಕಪ್ಪ ಕೆಮ್ಮಿದರು. ಹುಡುಗಿ ಕಡಲಿನ ಕಡೆ ಮುಖ ತಿರುಗಿಸಿದಳು. ಅವಳ ಭುಜ ಒಂದಿಷ್ಟು ಅಲುಗಿದಂತಾಯಿತು, ಚಳಿಗೋ ನಗುವಿಗೋ. ನನ್ನ ಸ್ಥಿತಿ ದೇವರಿಗೇ ಪ್ರೀತಿ. ಒಳಗೆ ಚಿಕ್ಕಪ್ಪನ ಕೆಮ್ಮು, ಚಿಕ್ಕಮ್ಮನ ಸೌಟು, ಅಣ್ಣನ ಉಗ್ರಾಣ, ಮೂರೂ ಕುಕ್ಕರಿನ ವಿಸಿಲಿನ ಹಾಗೆ ಒತ್ತಿಕೊಂಡು ಬರುತ್ತಿದ್ದವು. ಬಾಯಿಗೆ ಇನ್ನೊಂದು ಗೋಳಿಬಜೆ ತುರುಕಿಕೊಂಡೆ. ಆಮೇಲೆ ಮತ್ತೊಂದು. ಆ ದಿನ ನಾನು ತಿಂದದ್ದರಲ್ಲಿ ಅರ್ಧ ಹಸಿವಿಗಲ್ಲ, ಯಾರ ಹಾಗೂ ಮಾಡದ ವ್ರತಕ್ಕೆ.

ಅದಾದ ಮೇಲೆ ಅಣ್ಣ ತಟ್ಟೆ ನೋಡತೊಡಗಿದ. ಬಸ್ಸಿನಲ್ಲಿ ಮಡಚಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಚಿಕ್ಕಮ್ಮ ಚಿಕ್ಕಪ್ಪನನ್ನು ನೋಡಿದ ನೋಟ ನನಗೆ ಅರ್ಥವಾಯಿತು. ಶೋರೂಮಿನಲ್ಲಿ ಗಿರಾಕಿ, ಆಮೇಲೆ ಬರ್ತೇವೆ ಎನ್ನುವ ಮೊದಲು ಹೆಂಡತಿಯನ್ನು ನೋಡುವ ನೋಟ ಅದು.

ಆದರೂ ಚಿಕ್ಕಮ್ಮ ನ್ಯಾಯವಂತೆ. "ಹೋಯ್, ಇಬ್ರೂ ಆ ಕೊನಿ ಗೂಡಿನ್ ತನ್ಕ ಹೋಯ್ ಬನಿ. ಒಂಚೂರ್ ಮಾತಾಡ್ಕಣಿ" ಎಂದು ಎಬ್ಬಿಸಿದರು. ಮತ್ತೆ ನನಗೆ, "ನೀವೂ ಹೋಯ್ನಿ, ಹಿಂದಿಂದ. ಇಬ್ರೇ ಹೋದ್ರೆ ಜನ ಎಂತ ಹೇಳುದಿಲ್ಲ?" ಎಂದರು.

ಹೀಗೆ ನಾನು ಅವರ ಹಿಂದೆ ನಡೆದೆ, ಮೆರವಣಿಗೆಯಲ್ಲಿ ಕೊನೆಗೆ ಉಳಿದ ವಾಲಗದವನ ಹಾಗೆ. ಅವರು ಆಡುವ ಮಾತು ಕೇಳಿಸದಷ್ಟು ದೂರ ಇರಬೇಕೆಂದು ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದೆ. ಆಮೇಲೆ ನೋಡಿದರೆ ಆಡಿದರಲ್ಲವೇ ಕೇಳಿಸುವುದು. ಕೆಂಪು ಬಾಗಿಲು ದಾಟಿತು, ಹಳದಿ ಬಾಗಿಲು ದಾಟಿತು. ಅಣ್ಣನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕುತ್ತಿದ್ದವು. ಕೊನೆಯ ಗೂಡಿನ ಹತ್ತಿರ ಹುಡುಗಿ ನಿಂತಳು. ಅವನಿಗಾಗಿ ಸ್ವಲ್ಪ ಹೊತ್ತು ಕಾದಳು. ಅವನು ಬಾಗಿಲಿನ ತಿರುಪುಗಳನ್ನು ಪರೀಕ್ಷೆ ಮಾಡುತ್ತಿದ್ದ. ಅವಳು ತಿರುಗಿ ನನ್ನನ್ನು ಕರೆದಳು.

"ಎಲ್ರ ಹಾಂಗೂ ಮಾತಾಡ್ತ್ರಂಬ್ರ್ ಅಲ್ದಾ ನೀವ್? ಸಂಘದವ್ರ್ ಹೇಳ್ತಿದ್ರ್. ಒಂದ್ ಮಾಡಿ ಕಾಂಬ."

ನನ್ನ ಜೀವಮಾನದಲ್ಲಿ ಇಂಥ ಆಹ್ವಾನ ನಿರಾಕರಿಸಿದವನಲ್ಲ. ಅಣ್ಣನ ಮುಖ ನೋಡಿದೆ. "ಇವತ್ತು ರಜೆ" ಎಂದೆ.

"ಬೇರೆಯವ್ರದ್ ಬೇಡ. ಇವ್ರದ್ದೇ ಮಾಡಿ. ಇವ್ರ್ ಮನೆಯಲ್ ಹ್ಯಾಂಗ್ ಮಾತಾಡ್ತ್ರ್ ಅಂತ ನಂಗೆ ಗೊತ್ತಾಯ್ಕಲ್ದಾ."

ಅವಳು ಕೇಳಿದ್ದು ನ್ಯಾಯವಾಗಿತ್ತು. ಒಂದು ಹೆಣ್ಣು ತಿಳಿಯಬೇಕಾದದ್ದನ್ನು ತಿಳಿಯಲು ಸಿಕ್ಕ ದಾರಿ ಹಿಡಿದಿದ್ದಳು. ನಾನು ಕೊಟ್ಟ ಮಾತನ್ನು ಮುರಿಯಲು ಸಿದ್ಧನೇ ಆದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಮೂರು ವರ್ಷ ಒಂದೇ ಮಂಚದಲ್ಲಿ ಮಲಗಿದವನು, ನನ್ನೊಳಗೆ ಅವನ ಒಂದು ಕೆಮ್ಮು ಕೂಡ ಇರಲಿಲ್ಲ. ಅವನು ಮಾತಾಡುತ್ತಿರಲಿಲ್ಲ ಎನ್ನುವುದು ಸರಿ. ಆದರೆ ನಾನು ಅವನ ಎದುರು ಒಂದು ನಿಮಿಷವಾದರೂ ಸುಮ್ಮನಿದ್ದರಲ್ಲವೇ?

"ಅವನಿಂದ ಆಗುವುದಿಲ್ಲ" ಎಂದ ಅಣ್ಣ.

ಇಬ್ಬರೂ ತಿರುಗಿದೆವು.

"ನನ್ನ ಹಾಗೆ ಮಾಡ್ಲಿಕ್ಕೆ ಅವನಿಂದ ಆಗುವುದಿಲ್ಲ. ಅವನ ಹಾಗೆ ಬೇಕಾದ್ರೆ ನಾನು ಮಾಡ್ತೇನೆ."

ಅಷ್ಟು ಹೇಳಿ ಅವನು ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಜಗ್ಗಿಕೊಂಡ. ಸುಳ್ಳು ಹೇಳುವ ಮೊದಲು ನಾನು ಹಾಗೆ ಮಾಡುತ್ತೇನೆಂದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಆಮೇಲೆ ಗಾಳಿಯಲ್ಲಿ ಒಂದು ಫೋನು ಹಿಡಿದು, ಗಾಳಿಯಲ್ಲೇ ಒಂದು ಶವರ್ಮಾ ಕಚ್ಚಿ, "ಹಲೋ ಅಮ್ಮಾ... ಇಲ್ಲಮ್ಮಾ, ಹೊರಗೆ ತಿನ್ನುವುದೇ ಇಲ್ಲ... ಬೀನ್ಸ್ ಪಲ್ಯ ಮಾಡಿದ್ದೆ... ಒಬ್ಬನೇ ಮಾಡಿದ್ದು... ಹೂಂ, ಸಾಸಿವೆ ಹಾಕಿದ್ದೆ" ಎಂದ. ಅದು ನನ್ನ ಸ್ವರ. ಸ್ವಲ್ಪ ಮೂಗಿನಿಂದ, ಮಾತಿನ ಕೊನೆ ಗಾಳಿಪಟದ ಬಾಲದಂತೆ ಮೇಲೆ ಹೋಗುವ ಸ್ವರ. ಆಮೇಲೆ ಇಲ್ಲದ ಕನ್ನಡಿಯ ಮುಂದೆ ನಿಂತು ಕೂದಲು ಬಾಚಿ, ಎಡಗಡೆಯಿಂದ ನೋಡಿ, ಬಲಗಡೆಯಿಂದ ನೋಡಿ, "ಅಣ್ಣಾ, ಎಂತದೋ ಒಂದು ಉಂಟಲ್ಲ ನನ್ನ ಮುಖದಲ್ಲಿ?" ಎಂದ. ಬಾತ್‌ರೂಮಿನ ಬಾಗಿಲು ತಟ್ಟಿ, "ಅಣ್ಣಾ... ಅಣ್ಣಾ... ನಿನ್ನ ಶಾಂಪೂ ಒಂದು ಚೂರು... ಇಲ್ಲ, ತೆಗೆದುಕೊಂಡಾಯ್ತು, ಸುಮ್ಮನೆ ಹೇಳುವ ಅಂತ" ಎಂದ. ಕೊನೆಗೆ ತಲೆಯನ್ನು ಗೂಡಿನ ಗೋಡೆಗೆ ಆನಿಸಿ, ಕಣ್ಣು ಮುಚ್ಚಿ, ನಿದ್ದೆಯಲ್ಲಿ ಗೊಣಗಿದ: "ಮದಾಮ್... ದಿಸ್ ಟೈಲ್ ನೋ ಸ್ಲಿಪ್... ವಲ್ಲಾಹ್ ನೋ ಸ್ಲಿಪ್..."

ಹುಡುಗಿ ಗೂಡಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗಿಲ್ಲದ್ದಕ್ಕೆ ಶಾಲನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣೆಲ್ಲ ನೀರು. ನಾನೂ ನಗುತ್ತಿದ್ದೆ. ಬೇರೆಯವರು ನಗುವುದಕ್ಕೆ ನಾನು ಊರನ್ನೆಲ್ಲ ಕದಿಯುತ್ತಾ ತಿರುಗುವಾಗ, ಮೇಲಿನ ಮಂಚದಲ್ಲಿ ಒಬ್ಬ ಮನುಷ್ಯ ನನ್ನನ್ನು ಇಷ್ಟು ವರ್ಷ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ. ನನ್ನ ಅಮ್ಮನ ನಂತರ ಯಾರೂ ನನ್ನನ್ನು ಅಷ್ಟು ಕೇಳಿಸಿಕೊಂಡದ್ದಿಲ್ಲ. ಅವನ ಆಟದಲ್ಲಿ ನನ್ನ ಎಲ್ಲ ಮಂಗಾಟವೂ ಇತ್ತು. ಆ ಮೊದಲ ವಾರದ ಅಳು ಮಾತ್ರ ಇರಲಿಲ್ಲ. ಅದು ಮರೆತುಹೋದದ್ದಲ್ಲ ಎಂದು ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು.

ನಗು ಇಳಿದ ಮೇಲೆ ಅವನು ತನ್ನ ಸ್ವರಕ್ಕೆ ಮರಳಿದ. ಉಗ್ರಾಣವೂ ಇಲ್ಲ, ಆಹಾರವಾಗಿದೆಯೂ ಇಲ್ಲ.

"ಒಂದು ಹೇಳ್ಲಿಕ್ಕುಂಟು. ಆ ರಕ್ತದಾನದ ದಿನ ಬಿದ್ದದ್ದು ನಾನೇ."

"ಗೊತ್ತಿತ್ತ್" ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಆಗ ನೀವು 'ಕಣ್ಣು ಬಿಡಿ, ಕಣ್ಣು ಬಿಡಿ' ಅಂತ ಹೇಳ್ತಾ ಇದ್ದಿರಿ. ನನಗೆ ಮೊದಲೇ ಎಚ್ಚರ ಆಗಿತ್ತು. ಆದ್ರೂ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದೆ. ಕಣ್ಣು ಬಿಟ್ರೆ ನೀವು ಎದ್ದು ಹೋಗ್ತೀರಿ ಅಂತ."

ಹುಡುಗಿ ಅವನನ್ನು ನೇರ ನೋಡಿದಳು.

"ಅದೂ ಗೊತ್ತಿತ್ತ್."

"ಹೇಗೆ?"

"ನಾಡಿ ಹಿಡ್ಕಂಡ್ ಕೂತಿದ್ನಲೆ ನಾನ್! ಎಚ್ರ ಇಲ್ದಿದ್ದವ್ರದ್ ಹಾಂಗ್ ಓಡುತ್ತಾ?"

ಅಣ್ಣನ ಕಿವಿಗಳು ನಾವು ದಾಟಿ ಬಂದ ಕೆಂಪು ಬಾಗಿಲಿನ ಬಣ್ಣಕ್ಕೆ ಬಂದವು. ನಾನು ಸಭ್ಯನಂತೆ ಕಡಲಿನ ಕಡೆ ತಿರುಗಿದೆ. ಕಿವಿಯನ್ನು ತಿರುಗಿಸಲಿಲ್ಲ.

"ಕಾಣಿ, ನಂಗೆ ನೈಟ್ ಡ್ಯೂಟಿ ಬತ್ತ್" ಎಂದಳು ಅವಳು. "ಮದಿ ಆಯ್ತ್ ಅಂತ ಕೆಲ್ಸ ಬಿಡುಕೆ ಆತಿಲ್ಲ."

"ಬಿಡಬೇಡಿ."

"ಮತ್ತೆ, ನೀವ್ ಹೀಂಗ್ ಮಾತೇ ಆಡ್ದೆ ಕೂತ್ರೆ? ನಾನ್ ದಿನಾ ನಾಡಿ ಹಿಡ್ದೇ ಕಾಣ್ಕಾ?"

ಅವನು ಬಹಳ ಹೊತ್ತು ಯೋಚಿಸಿದ. ಅವನ ಪರವಾಗಿ ಹತ್ತು ಉತ್ತರ ನನ್ನ ನಾಲಗೆಯ ತುದಿಯಲ್ಲಿದ್ದವು. ಒಂದಕ್ಕೂ ಅವನು ಕಾಯಲಿಲ್ಲ.

"ಆಡ್ತೇನೆ" ಎಂದ. "ಸ್ವಲ್ಪ ತಡ ಆಗ್ತದೆ. ಆದ್ರೆ ಆಡ್ತೇನೆ."

ಅವಳು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಎದ್ದು ಚೂಡಿದಾರದ ಮರಳು ಕೊಡವಿಕೊಂಡು ವಾಪಸು ನಡೆದಳು. ಈ ಸಲ ಇಬ್ಬರ ನಡುವೆ ಅಂತರ ಸ್ವಲ್ಪ ಕಡಿಮೆಯಿತ್ತು, ಅಥವಾ ನನಗೆ ಹಾಗೆ ಕಾಣಬೇಕಾಗಿತ್ತು.

ಚಿಕ್ಕಮ್ಮ ಇನ್ನೊಂದು ಸುತ್ತು ಚಹಾಕ್ಕೆಂದು ಫ್ಲಾಸ್ಕಿಗೆ ಕೈ ಹಾಕಿದ್ದರು. "ತಾ ಚಿಕ್ಕಮ್ಮ, ನಾನ್ ಕೊಡ್ತೆ" ಎಂದು ಹುಡುಗಿ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. ಡಬ್ಬಿಯ ಮುಚ್ಚಳವನ್ನೇ ಟ್ರೇ ಮಾಡಿಕೊಂಡು, ಲೋಟ ಇಟ್ಟು, ಬಗ್ಗಿಸಿ, ಮೊದಲು ಅಣ್ಣನ ಎದುರು ಹಿಡಿದಳು. ಚಿಕ್ಕಮ್ಮ ಅವಳ ಮುಖ ನೋಡಿದರು, ಅವಳು ತಲೆಯಾಡಿಸಿದಳು. ಚಿಕ್ಕಮ್ಮ ಸೌಟನ್ನು ಕೆಳಗಿಟ್ಟು ಎರಡೂ ಕೈಯಿಂದ ಕಣ್ಣು ಒತ್ತಿಕೊಂಡರು. ಚಿಕ್ಕಪ್ಪ ಮಾತ್ರ, "ನಂಗೆ ಸಕ್ಕರಿ ಕಮ್ಮಿ" ಎಂದರು.

"ಹೋಯ್, ಹೆಣ್ ಒಪ್ತ್!"

"ಯಾವಾಗ? ನಾನ್ ಇಲ್ಲೇ ಇದ್ನಲೆ?"

ಅಣ್ಣ ಲೋಟವನ್ನು ಚಾಪೆಯ ಮೇಲಿಟ್ಟು ಎದ್ದು, ನೀರಿನ ಅಂಚಿಗೆ ಹೋಗಿ ಅಮ್ಮನಿಗೆ ಫೋನು ಹಚ್ಚಿದ. ಗಾಳಿ ಜೋರಾಗಿತ್ತು. ಅತ್ತ ಅಮ್ಮನಿಗೆ ಕೇಳಿಸುತ್ತಿರಲಿಲ್ಲ. ಅವನು ಸ್ವರ ಏರಿಸಿದ, ಮತ್ತೂ ಏರಿಸಿದ. ಕೊನೆಗೆ ಒಂದು ಕೈಯಿಂದ ಕಿವಿ ಮುಚ್ಚಿಕೊಂಡು, ಕುವೈತಿನ ಕಡಲಿನಿಂದ ನಮ್ಮೂರಿನ ಕಡಲಿಗೆ ಫೋನಿಲ್ಲದೆಯೇ ಮುಟ್ಟುವಂತೆ, "ಅಮ್ಮಾ! ಆಂಡ್ ಅಮ್ಮಾ! ಒಪ್ಪಿಯೆರ್!" ಎಂದು ತುಳುವಿನಲ್ಲಿ ಕೂಗಿದ. ಆಯಿತು, ಒಪ್ಪಿದರು ಎಂದು. ಸಾಲಿನುದ್ದಕ್ಕೂ ಜಗಲಿಗಳಲ್ಲಿ ಕೂತಿದ್ದವರೆಲ್ಲ ತಿರುಗಿದರು. ಆ ಸ್ವರ ನಾನು ಹಿಂದೆಂದೂ ಕೇಳಿದ್ದಲ್ಲ. ಕಲಿತುಕೊಳ್ಳಬೇಕೆಂದೂ ಅನಿಸಲಿಲ್ಲ. ಕೇಳುತ್ತಾ ನಿಂತೆ.

ಎರಡು ಗೂಡು ಆಚೆ ಒಂದು ಕುವೈತಿ ಕುಟುಂಬ ಕಂಬಳಿ ಹಾಸಿ ಕೂತಿತ್ತು. ಅಲ್ಲಿನ ಅಜ್ಜ, ಬಿಳಿ ಗಡ್ಡದವರು, ಏನಾಯಿತೆಂದು ಕೈಯಲ್ಲೇ ಕೇಳಿದರು. ನಾನು ನನ್ನ ಪ್ರಖ್ಯಾತ ಅರಬಿಯಲ್ಲಿ, ಅರ್ಧ ಕೈಸನ್ನೆ ಸೇರಿಸಿ, ಹುಡುಗ, ಹುಡುಗಿ, ಖಲಾಸ್, ಮದುವೆ ಎಂದು ವರದಿ ಒಪ್ಪಿಸಿದೆ. "ಮಬ್ರೂಕ್! ಮಬ್ರೂಕ್!" ಎಂದು ಅವರು ಎದೆಗೆ ಕೈಯಿಟ್ಟರು. ಅವರ ಮನೆಯ ಹೆಂಗಸೊಬ್ಬರು ಒಂದು ತಟ್ಟೆ ತುಂಬ ಖರ್ಜೂರ ತಂದು ನಮ್ಮ ಚಾಪೆಯ ಮೇಲಿಟ್ಟು, ಹುಡುಗಿಯ ಕೆನ್ನೆ ಮುಟ್ಟಿ ಹೋದರು. ಯಾರೆಂದು ಗೊತ್ತಿಲ್ಲ, ಎತ್ತಲಿನವರೆಂದು ಕೇಳಲಿಲ್ಲ. ಹೆತ್ತವರೆಲ್ಲ ಕಡಲಾಚೆ ಇದ್ದ ಆ ಮದುವೆಯ ಮಾತಿಗೆ ಮೊದಲು ಸಿಹಿ ತಂದವರು ಅವರು.

ಕೊಟ್ಟ ತಟ್ಟೆಯನ್ನು ಬರಿದು ಮಾಡಿ ಹಿಂದೆ ಕೊಡುವ ಪೈಕಿ ಚಿಕ್ಕಮ್ಮ ಅಲ್ಲ. ಖರ್ಜೂರವನ್ನು ಡಬ್ಬಿಗೆ ಸುರಿದು, ಉಳಿದ ಶಿರಾವನ್ನೆಲ್ಲ ತಟ್ಟೆಗೆ ತುಂಬಿ, ಮೇಲೆ ಗೇರುಬೀಜ ಕಾಣುವಂತೆ ಸೌಟಿನಿಂದ ಸಮ ಮಾಡಿದರು. ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಅಣ್ಣನ ಕೈಗೆ ಕೊಟ್ಟರು. "ನೀವೇ ಕೊಟ್ಟಿಕ್ಕಿ ಬನಿ."

ಅಣ್ಣ ತಟ್ಟೆ ಹಿಡಿದು ಹೋದ. ಅಜ್ಜ ಅವನನ್ನು ಕಂಬಳಿಯ ಮೇಲೆ ಕೂರಿಸಿಕೊಂಡರು. ಪುಟ್ಟ ಕಪ್ಪಿನಲ್ಲಿ ಗಾವಾ, ಅಂದರೆ ಅರಬಿ ಕಾಫಿ, ಬಂತು. ಶಿರಾ ಹೇಗೆ ಮಾಡುವುದೆಂದು ಕೇಳಿದರೋ ಏನೋ, ಇಲ್ಲಿಂದ ನೋಡಿದರೆ ಅಣ್ಣ ಎರಡೂ ಕೈಯಲ್ಲಿ ರವೆ ಹುರಿಯುತ್ತಿದ್ದ. ಆಮೇಲೆ ಇನ್ನೊಂದು ಕಪ್ಪು ಬಂತು. ಅಜ್ಜ ಏನೋ ಹೇಳಿದರು, ಇವನು ಏನೋ ಹೇಳಿದ, ಇಡೀ ಕಂಬಳಿ ನಕ್ಕಿತು.

"ಮಾತೇ ಆಡುದಿಲ್ಲ ಅಂಬ್ರಲೆ ಇವ್ರನ್ನ?" ಎಂದರು ಚಿಕ್ಕಪ್ಪ, ಕಣ್ಣು ಕಿರಿದು ಮಾಡಿ ಆ ಕಡೆ ನೋಡುತ್ತಾ.

ಹುಡುಗಿ ಚಾಪೆಯ ಮೇಲೆ ತಣ್ಣಗಾಗಿದ್ದ ಅವನ ಚಹಾವನ್ನು ಮರಳಿಗೆ ಚೆಲ್ಲಿದಳು. ಲೋಟವನ್ನು ಮತ್ತೆ ತುಂಬಿಸಿ, ಗಾಳಿಗೆ ಆರದಂತೆ ಮೇಲೊಂದು ತಟ್ಟೆ ಮುಚ್ಚಿಟ್ಟಳು.